ತೊಳೆಯದ ಕೌದಿ

ಊರಿನಿಂದ ಪೆಟ್ಟಿಗೆ ಬರುವ ದಿನ ಮಹಾನಂದಾಳಿಗೆ ಬೇರೆ ಕೆಲಸವೇ ಇರುತ್ತಿರಲಿಲ್ಲ. ಉಳಿದ ದಿನಗಳಲ್ಲೂ ಕೆಲಸವೆಂಬುದು ಇರಲಿಲ್ಲವೆನ್ನಿ. ಆದರೆ ಪೆಟ್ಟಿಗೆಯ ದಿನ ಕಾಯುವುದೇ ಒಂದು ಕೆಲಸವಾಗುತ್ತಿತ್ತು. ಗೋಡೆಯೊಳಗಿನ ಕಿಂಡಿಗೆ ಆಚೆಗೊಂದು, ಈಚೆಗೊಂದು ಬಾಗಿಲು. ಆಚೆಯದು ತೆರೆದು ಮುಚ್ಚಿದ ಸಪ್ಪಳವಾಗಿ, ಸ್ವಲ್ಪ ಹೊತ್ತಿಗೆ ಈಚೆಯದರ ಮೇಲೆ ಹಸಿರು ದೀಪ ಹತ್ತಿದರೆ, ಅವಳು ಹೊಟ್ಟೆಯನ್ನು ಒಂದು ಕೈಯಲ್ಲಿ ಆನಿಸಿಕೊಂಡು ಏಳುವಳು. ಪೆಟ್ಟಿಗೆ ತಂದು ಮಂಚದ ಮೇಲಿಟ್ಟು ಅದರೆದುರು ಕೂಡುವಳು. ಕೂಡಲೇ ಬಿಚ್ಚುತ್ತಿರಲಿಲ್ಲ. ಬಿಚ್ಚಿದರೆ ಮುಗಿದೇಹೋಯಿತು, ಮತ್ತೆ ವಾರವಿಡೀ ಅದೇ ಬಿಳಿ ಗೋಡೆ, ಅದೇ ಗಾಜು, ಗಾಜಿನಾಚೆ ಕಣ್ಣಷ್ಟೇ ಕಾಣುವಂತೆ ಮುಸುಕು ಹಾಕಿಕೊಂಡು ಓಡಾಡುವ ನರ್ಸುಗಳು.

ಪೆಟ್ಟಿಗೆಯೊಳಗೆ ಇರುತ್ತಿದ್ದದ್ದು ಏನು ಮಹಾ? ಅಂಗಳದ ಒಂದು ಹಿಡಿ ಮಣ್ಣು. ಆಕಳ ಕೊರಳಿನ ಕಣ್ಣಿಯ ತುಂಡು. ತೋಟದ ನಾಲ್ಕು ಲಿಂಬೆ ಎಲೆ. ಅತ್ತೆ ಉಟ್ಟು ಬಿಟ್ಟ ಸೀರೆಯ ಚೂರು. ಮಹಾನಂದಾ ಒಂದೊಂದನ್ನೇ ಮೂಗಿಗೆ ಹಿಡಿದು ಕಣ್ಣು ಮುಚ್ಚುವಳು. ಪಡಸಾಲೆ ಕಾಣಬೇಕು, ಒಲೆಯ ಮುಂದಿನ ಹೊಗೆ ಕಾಣಬೇಕು, ಕೊಟ್ಟಿಗೆಯ ಗೋದಲಿ ಕಾಣಬೇಕು ಎಂದು ಅವಳ ಆಸೆ. ಏನೂ ಕಾಣುತ್ತಿರಲಿಲ್ಲ. ಸೀರೆಯ ಚೂರು ಸೋಪಿನ ಪುಡಿಯ ವಾಸನೆ ಹೊಡೆಯುತ್ತಿತ್ತು. ಕಣ್ಣಿಯಲ್ಲಿ ಆಕಳಿರಲಿಲ್ಲ. ಮಣ್ಣಿನಲ್ಲಿ ಮಣ್ಣೂ ಇರಲಿಲ್ಲ.

ಔಷಧದ ಗುಣವೇ ಮರೆಸುವುದಲ್ಲವೆ, ಮೈ ಮರೆತ ಹಾಗೆ ನನ್ನ ಮೂಗೂ ಮರೆತಿರಬೇಕು ಎಂದುಕೊಂಡು ಅವಳು ಎಲ್ಲವನ್ನೂ ಮತ್ತೆ ಪೆಟ್ಟಿಗೆಯಲ್ಲಿಟ್ಟು ಮುಚ್ಚುತ್ತಿದ್ದಳು. ಯಾರಿಗೂ ಹೇಳಿರಲಿಲ್ಲ. ಊರನ್ನೇ ಮರೆತೆನೆಂದು ಯಾವ ಬಾಯಿಂದ ಹೇಳುವುದು?

ಅದು ವಿಜಯಪುರದ ಹೊರಗೆ, ದಿಬ್ಬದ ಮೇಲಿನ ಪರಿಚಯ ಕೇಂದ್ರ. ಲೂಪಸ್ ಎಂಬ ಬೇನೆಯಿದ್ದು, ಅದರಿಂದ ಬಸುರು ನಿಲ್ಲದ ಹೆಂಗಸರಿಗಾಗಿ ಕಟ್ಟಿದ್ದು. ಮಹಾನಂದಾಳಿಗೆ ಆ ಬೇನೆ ಅಂಟಿಕೊಂಡದ್ದು ಮದುವೆಯಾದ ವರ್ಷ. ಎರಡೂ ಕೆನ್ನೆಗೆ ಕೆಂಪು ಬಿತ್ತು. ಬಂಗು ಅಂದರು, ಅರಿಸಿನ ಹಚ್ಚು ಅಂದರು. ಬಿಸಿಲಿಗೆ ಹೋದರೆ ಮೈ ಸುಡುತ್ತಿತ್ತು, ಬೆಳಗ್ಗೆ ಬೆರಳು ಮಡಚಲಿಕ್ಕೆ ಬರುತ್ತಿರಲಿಲ್ಲ. ಗಂಡನ ಊರು ತೆಗ್ಗಿನಾಳದಂಥ ಕಡೆ ಬಿಸಿಲು ತಪ್ಪಿಸಿ ಹೆಂಗಸು ಬಾಳುವುದೆಂದರೆ ಹೇಗೆ? ಲಿಂಬೆ ಆಯಲು ಛತ್ರಿ ಹಿಡಿದು ಹೋದವಳನ್ನು ಕಂಡು ಆಳುಗಳು, "ಬರ್ರಿ ಬಾಯಿಸಾಹೇಬ್ರ, ಹಣ್ಣು ನಿಮ್ಮ ನೆಳ್ಳಿಗೇ ತಂದ ಕೊಡ್ತೀವಿ" ಎಂದು ನಕ್ಕಿದ್ದರು. ಅವಳೂ ನಕ್ಕಿದ್ದಳು. ಮನೆಗೆ ಬಂದ ಮೇಲೆ ಆ ಛತ್ರಿಯನ್ನು ಅಟ್ಟಕ್ಕೆ ಎಸೆದಿದ್ದಳು.

ಮೊದಲ ಬಸುರು ಮೂರರಲ್ಲಿ ಇಳಿದುಹೋಯಿತು. ಎರಡನೆಯದು ಆರರಲ್ಲಿ ಹೋಯಿತು. ಆಗ ದೊಡ್ಡ ಆಸ್ಪತ್ರೆಯಲ್ಲಿ ಹೇಳಿದರು: ಮೈಯೊಳಗೆ ರೋಗದೊಡನೆ ಕಾದಾಡಲು ಕಾವಲುಗಾರರಿರುತ್ತಾರೆ, ನಿನ್ನ ಕಾವಲುಗಾರರಿಗೆ ತಮ್ಮವರು ಯಾರು, ಹೊರಗಿನವರು ಯಾರು ತಿಳಿಯದಾಗಿದೆ, ನಿನ್ನ ಕೀಲಿಗೆ, ಮೂತ್ರಪಿಂಡಕ್ಕೆ ಬಡಿಯುತ್ತಾರೆ, ಕೂಸಿನ ಎದೆಬಡಿತವನ್ನೂ ಅವರೇ ಹಿಡಿದು ನಿಲ್ಲಿಸಿದರು. ಬೇನೆ ಮಲಗಿದಾಗ ಬಸುರಾದರೆ, ಗುಳಿಗೆ ತಪ್ಪಿಸದೆ ನುಂಗಿದರೆ, ಎಷ್ಟೋ ಜನ ಚೆನ್ನಾಗಿ ಹೆರುತ್ತಾರೆ. ಮಹಾನಂದಾಳ ಬೇನೆ ಮಾತ್ರ ಮಲಗಲೇ ಇಲ್ಲ.

ಮಲಗದ ಕಾವಲುಗಾರನಿಗೆ ಮರೆವು ಬರಿಸಿದರೆ ಏನಾದೀತು? ಕೇಂದ್ರದ ಡಾಕ್ಟರ್ ರೆಹಾನಾ ಇಜೇರಿ ತಮ್ಮ ಅರ್ಧ ಆಯುಷ್ಯವನ್ನು ಈ ಒಂದು ಪ್ರಶ್ನೆಗೆ ಕೊಟ್ಟಿದ್ದರು. ಅವರ ಔಷಧ ಕೊಟ್ಟರೆ ಕಾವಲುಗಾರರು ಎಲ್ಲವನ್ನೂ ಮರೆಯುತ್ತಾರೆ. ಹಗೆಯನ್ನೂ ಮರೆಯುತ್ತಾರೆ, ಹಳೆಯ ಜ್ವರಗಳನ್ನೂ ಮರೆಯುತ್ತಾರೆ. ಮೈ ಈಗ ಹುಟ್ಟಿದ ಕೂಸಿನ ಮೈಯಂತಾಗುತ್ತದೆ. ಆಮೇಲೆ ಒಬ್ಬೊಬ್ಬರನ್ನಾಗಿ ಪರಿಚಯ ಮಾಡಿಸಬೇಕು. ಮೊದಲು ಅವಳದೇ ಮೈ, ಆಮೇಲೆ ಹೊಟ್ಟೆಯೊಳಗಿನ ಕೂಸು, ಆಮೇಲೆ ಅವಳು ಬಾಳಬೇಕಾದ ಮನೆಯ ಗಾಳಿ, ಮಣ್ಣು, ದನ, ಜನ. ಊರಿನಿಂದ ಬಂದ ವಸ್ತುಗಳ ಧೂಳು ತೆಗೆದು, ಅದರೊಳಗಿನ ಜೀವ ಕೊಂದು, ಮಂಜಿನಂತೆ ಮಾಡಿ ದಿನಾ ಬೆಳಗ್ಗೆ ಉಸಿರಿನಲ್ಲಿ ಕೊಡುತ್ತಿದ್ದರು. ಅಲ್ಲಿಯವರೆಗೂ ಗಾಜಿನ ಕೋಣೆ, ಯಾರೂ ಮುಟ್ಟುವಂತಿಲ್ಲ.

"ಇದು ಬಸರಿದ್ದಾಗಷ್ಟ ಆಗೂ ಕೆಲಸ," ಎಂದು ಡಾಕ್ಟರು ಮೊದಲೇ ಹೇಳಿದ್ದರು. "ಹೊಟ್ಟಿಯಾಗ ಒಂದು ಹೊಸಾ ಜೀವ ಇಟ್ಕೊಂಡ ಮೈ ಹೊಸಬರನ್ನ ಒಪ್ಪತದ. ಹಡದ ಮ್ಯಾಲ ಬಾಗಿಲಾ ಹಾಕ್ಕೋತದ. ಅಷ್ಟರಾಗ ನಿನ್ನ ಮನಿ ನಿನ್ನ ಮೈಗೆ ಗುರ್ತ ಆಗಬೇಕು. ಆಗಲಿಲ್ಲಂದ್ರ ಕೂಸು ಮನಿಗೆ ಹೋಗತದ, ನೀ ಇಲ್ಲೇ ಉಳೀತಿ."

ಕೂಸು ಮನೆಗೆ ಹೋಗುತ್ತದೆ ಎಂಬಷ್ಟನ್ನು ಮಾತ್ರ ಮಹಾನಂದಾ ಆವತ್ತು ಕೇಳಿಸಿಕೊಂಡಿದ್ದಳು. ಎಂಟು ತುಂಬುತ್ತ ಬಂದಂತೆ ಉಳಿದರ್ಧವೂ ಕೇಳಿಸತೊಡಗಿತು.

ಆದರೆ ಎಲ್ಲವೂ ಸರಿಯಾಗಿಯೇ ನಡೆದಿತ್ತು. ಪ್ರಯೋಗಶಾಲೆ ಅವಳ ಕೋಣೆಯ ಎದುರಿಗೇ ಇತ್ತು. ಎರಡು ಗಾಜು ದಾಟಿದರೆ ಅದರ ದೊಡ್ಡ ಪರದೆ ಕಾಣುತ್ತಿತ್ತು. ಅವಳ ರಕ್ತದ ಹನಿಗೆ ಮನೆಯ ಧೂಳು ಬೆರೆಸಿ ನೋಡುವರು. ಒಪ್ಪಿತೆಂದರೆ ಪರದೆಯ ಮೇಲೆ ಕೆರೆಯ ನೀರಿನಂತೆ ತಣ್ಣಗೆ ನೀಲಿ. ಒಪ್ಪದಿದ್ದರೆ ಕುದಿಯುವ ಎಸರಿನಂತೆ ಕೆಂಪು ಗುಳ್ಳೆ. ವಾರಗಟ್ಟಲೆ ನೀಲಿಯೇ ಬಂದಿತ್ತು. "ಭಾಳ ಶಾಣ್ಯಾ ಮೈ ಅದ ನಿಂದು" ಎಂದು ಡಾಕ್ಟರು ಹೆಬ್ಬೆರಳು ತೋರಿಸುತ್ತಿದ್ದರು.

ಅಂಥದರಲ್ಲಿ ಒಂದು ದಿನ ಗಂಡ ಸಿದ್ರಾಮ ಹೇಳದೆ ಕೇಳದೆ ಬಂದ. ಯಾವಾಗಲೂ ಅವನು ಬರುವುದು ತಲೆಗೆ ಎಣ್ಣೆ ಹಚ್ಚಿ, ಇಸ್ತ್ರಿಯ ಅಂಗಿ ತೊಟ್ಟು. ಅವನ ಅವ್ವ ಕಾಶಿಬಾಯಿ ಹಾಗಲ್ಲದೆ ಹೊಸ್ತಿಲು ದಾಟಿಸುತ್ತಿರಲಿಲ್ಲ. ಆವತ್ತು ಲಿಂಬೆಯ ಗಾಡಿಯೊಡನೆ ಪೇಟೆಗೆ ಬಂದವನು ಮನೆ ಮುಟ್ಟದೆ ನೆಟ್ಟಗೆ ಇಲ್ಲಿಗೇ ಬಂದಿದ್ದ. ಗಾಜಿನಾಚೆ ಕುರ್ಚಿಯ ತುದಿಗೆ ಕೂತು, ಹೆಗಲ ಮೇಲಿನ ವಸ್ತ್ರದಿಂದ ಕುತ್ತಿಗೆ ಒರೆಸಿಕೊಂಡ.

"ಹೆಂಗದೀ?"

"ಹೆಂಗಿರ್ಲಿ? ಮುಂಜಾನೆದ್ದು ಗೋಡಿ ನೋಡ್ತೀನಿ. ಸಂಜೀಕ ಗೋಡಿ ನನ್ನ ನೋಡತದ."

ಅವನು ನಕ್ಕ. ಅವಳು ನಗಲಿಲ್ಲ. ಅವನ ವಸ್ತ್ರದ ಮೇಲಿದ್ದ ಲಿಂಬೆಯ ಕಲೆಯನ್ನೇ ನೋಡುತ್ತಿದ್ದಳು.

"ರೀ, ಆ ವಸ್ತ್ರಾ ಇಟ್ಟ ಹೋಗ್ರಿ."

"ಇದ? ಏ ಬೆವರ ನಾರತದ."

"ನಾರ್ಲಿ."

ಯಾವುದೇ ವಸ್ತು ಒಳಗೆ ಬರುವ ಮುಂಚೆ ಪರೀಕ್ಷೆಯಾಗಬೇಕೆಂಬುದು ಅಲ್ಲಿಯ ನಿಯಮ. ಸಿದ್ರಾಮ ಇನ್ನೂ ಕೂತಿರುವಾಗಲೇ ಅದರ ಧೂಳು ಪ್ರಯೋಗಶಾಲೆಗೆ ಹೋಯಿತು. ಮಹಾನಂದಾ ಅಭ್ಯಾಸಬಲದಿಂದ ಎದುರಿನ ಪರದೆಯ ಕಡೆ ನೋಡಿದಳು. ನೀಲಿ ಒಂದು ಗಳಿಗೆ ನಿಂತಿತು. ಆಮೇಲೆ ಅಂಚಿನಿಂದ ಗುಳ್ಳೆ ಏಳತೊಡಗಿ, ನೋಡನೋಡುತ್ತ ಪರದೆಯೆಲ್ಲ ಕೆಂಪಾಗಿ ಕುದಿಯಿತು.

ಡಾಕ್ಟರ್ ಇಜೇರಿ ಓಡಿಬಂದರು. ಮತ್ತೊಮ್ಮೆ ಮಾಡಿಸಿದರು. ಮತ್ತೂ ಕೆಂಪು. "ಅದ ಮನಿ, ಅದ ತೋಟ. ಪೆಟಗಿಯೊಳಗಿಂದೆಲ್ಲಾ ನೀಲಿ ಬಂದದ. ಇದಕ್ಕೇನಾತು?" ಎಂದು ತಮ್ಮಷ್ಟಕ್ಕೇ ಅಂದುಕೊಳ್ಳುತ್ತ ಗಾಜಿನ ಬಳಿ ನಿಂತರು. "ಧೂಳು ಕಡಿಮಿ ಬರ್ತಿತ್ತು, ಖರೆ. ಸ್ವಚ್ಛ ಮಂದಿ ಅಂತ ಖುಷಿ ಪಟ್ಟಿದ್ವಿ."

ಆಗ ಮಹಾನಂದಾಳಿಗೆ ಅತ್ತೆಯ ಸೀರೆಯ ಚೂರು ನೆನಪಾಯಿತು. ಸೋಪಿನ ವಾಸನೆ. ಅವಳ ಮೂಗು ಏನನ್ನೂ ಮರೆತಿರಲಿಲ್ಲ.

"ಮೇಡಮ್ಮಾರ, ನಮ್ಮತ್ತಿಗೆ ಫೋನ್ ಹಚ್ಚರಿ."

ಪರದೆಯ ಮೇಲೆ ಕಾಶಿಬಾಯಿಯ ಮುಖ ಮೂಡಿತು. ಫೋನನ್ನು ಬಹಳ ಹತ್ತಿರ ಹಿಡಿದಿದ್ದರಿಂದ ಕುಂಕುಮ ಮತ್ತು ಒಂದು ಕಣ್ಣು.

"ಅತ್ತಿ, ಸಿಟ್ಟಾಗಬ್ಯಾಡ್ರಿ, ಒಂದ ಮಾತ ಕೇಳ್ತೀನಿ. ಪೆಟಗಿಯೊಳಗ ಇಡೂದೆಲ್ಲಾ ತೊಳದ ಇಡ್ತೀರೇನು?"

"ತೊಳೀದ ಇಡ್ಲೇನ ಮತ್ತ?" ಮುದುಕಿಯ ದನಿ ಏರಿತು. "ಮಂದಿ ಮನ್ಯಾಗ ಅದಿ. ಬಸರ ಹೆಂಗಸದಿ. ಡಾಕ್ಟರ್ ಮಂದಿ ಬಿಚ್ಚಿ ನೋಡ್ತಾರಂತ. ಕಾಶಿಬಾಯಿ ಮೈಲಗಿ ಅರಿವಿ ಕಳಸ್ಯಾಳ ಅಂದ್ರ ನನ್ನ ಮಾರಿ ಎಲ್ಲಿ ಇಟ್ಕೊಳ್ಳಿ?"

"ಮಣ್ಣು?"

"ಸಾಣಿಸಿ, ಹಂಚಿನ ಮ್ಯಾಲ ಹುರದೀನಿ. ಹುಳಾ ಪಳಾ ಇರ್ತಾವು."

"ಆಕಳ ಕಣ್ಣಿ?"

"ಕುದಿಯೂ ನೀರಾಗ ಅದ್ದಿ ಮಾಳಗಿ ಮ್ಯಾಲ ಒಣಗಿಸೀನಿ. ಲಿಂಬಿ ಎಲಿ ಒಂದೊಂದ ಒರಸೀನಿ. ಯಾಕವ್ವಾ, ಕಡಿಮಿ ಬಿತ್ತೇನು?"

ಡಾಕ್ಟರು ಬಾಯಿಗೆ ಕೈ ಅಡ್ಡ ಹಿಡಿದರು. ನಗುವೋ ಅಳುವೋ ಗೊತ್ತಾಗಲಿಲ್ಲ. ಆಮೇಲೆ ಮೆಲ್ಲಗೆ ತಿಳಿಸಿ ಹೇಳಿದರು. "ಕಾಶಿಬಾಯಾರ, ನಿಮ್ಮ ಸೊಸಿ ಮೈಗೆ ನಿಮ್ಮನ್ನೆಲ್ಲಾ ಪರಿಚಯ ಮಾಡಸಾಕತ್ತಿದ್ವಿ. ನೀವು ಎಲ್ಲಾರ ಮಾರಿಗೂ ಮುಸುಕ ಹಾಕಿ ಕಳಸೀರಿ."

"ಹಂಗಾರ ಹೊಲಸ ಕಳಸಂತಿದ್ರೇನು ನೀವು?"

"ಹೌದ್ರಿ."

"ಅದನ್ನ ಬಾಯಿ ಬಿಟ್ಟ ಹೇಳಬೇಕಿಲ್ಲೋ?"

"ಹೇಳೀನಬೇ ಯವ್ವಾ," ಎಂದ ಸಿದ್ರಾಮ, ತಲೆ ತಗ್ಗಿಸಿ. "ಇದ್ದದ್ದು ಇದ್ದಂಗ ಕಳಸಂತ."

"ಇದ್ದದ್ದು ಇದ್ದಂಗ ಅಂದ್ರ ಹೊಲಸ ಅಂತ ಯಾ ಶಾಣ್ಯಾ ತಿಳಕೋತಾನೋ?" ಎಂದು ರೇಗಿದ ಮುದುಕಿಯ ದನಿ ಅರ್ಧಕ್ಕೇ ಒಡೆಯಿತು. ಪರದೆಯ ಮೇಲಿನ ಒಂದು ಕಣ್ಣು ತುಂಬಿಕೊಂಡಿತು. "ನನ್ನ ಕೈಲೆ ನಾನ ಸೊಸಿನ್ನ ಹೊರಗ ಹಾಕಿದ್ನೇನವ್ವಾ?"

ಡಾಕ್ಟರು ಬೆರಳು ಮಡಚಿ ದಿನ ಎಣಿಸಿದರು.

ಹೆರಿಗೆಗೆ ಉಳಿದದ್ದು ಕೆಲವೇ ವಾರ. ಅಷ್ಟರಲ್ಲಿ ಮನೆ, ತೋಟ, ಕೊಟ್ಟಿಗೆ, ಓಣಿ ಎಲ್ಲವನ್ನೂ ಕಲಿಸಲು ಸಾಧ್ಯವಿಲ್ಲವೆಂದು ಡಾಕ್ಟರು ಬಿಚ್ಚಿ ಹೇಳಿದರು. ಒಂದೇ ಒಂದನ್ನು, ದೊಡ್ಡ ಪ್ರಮಾಣದಲ್ಲಿ ಕೊಟ್ಟು ಕಲಿಸಬಹುದು. ಜ್ವರ ಬಂದೇ ಬರುತ್ತದೆ. ಕೂಸಿನ ಎದೆಬಡಿತಕ್ಕೂ ಭಯವಿದೆ. "ಯಾವ್ದು ಅಂತ ನೀನ ಹೇಳಬೇಕು. ಅದನ್ನ ಕಲತಷ್ಟ ಜಾಗಾದಾಗ ನೀ ಮುಂದ ಬಾಳಬಹುದು. ಅದರ ಆಚೆ ಹೋಗಂಗಿಲ್ಲ."

ಕಿಂಡಿಯಾಚೆ ಒಂದು ತಟ್ಟೆಯಲ್ಲಿ ಸಿದ್ರಾಮನ ವಸ್ತ್ರ ಮಡಚಿಟ್ಟಿತ್ತು. ಅದನ್ನು ಆಯ್ದರೆ ಗಂಡ ಸಿಗುತ್ತಾನೆ. ಅವನೊಡನೆ ತೋಟ, ಗಾಳಿ, ಲಿಂಬೆ ಹೂವಿನ ಹೊತ್ತು. ಮಹಾನಂದಾ ಅದನ್ನು ಬಹಳ ಹೊತ್ತು ನೋಡಿದಳು. ಆದರೆ ಕೂಸು ಬೆಳೆಯುವುದು ಎಲ್ಲಿ? ಅತ್ತೆಯ ನಡುಮನೆಯಲ್ಲಿ. ಅದನ್ನು ಎರೆಯುವವರು, ತಟ್ಟುವವರು, ಮಲಗಿಸುವವರು ಯಾರು? ಅತ್ತೆಯನ್ನೇ ಒಲ್ಲದ ಮೈ ಹೊತ್ತು, ಆ ತೊಡೆಯ ಮೇಲಿನ ಕೂಸನ್ನು ದೂರದಿಂದ ನೋಡುತ್ತ ಕೂಡಬೇಕೆ?

"ಅತ್ತಿ ಹಾಸ್ಗೊಳ್ಳೂ ಕೌದಿ," ಎಂದಳು. ಗಂಡನ ಕಡೆ ನೋಡಲಿಲ್ಲ.

ಸಿದ್ರಾಮ ಎದ್ದು ನಿಂತ. "ಬರೊಬ್ಬರಿ ಅದ. ಕೂಸಿಗೆ ತಾಯಿ ಬೇಕು," ಎಂದ. "ನಂದೇನು, ನಾ ಹೊರಗ ಕಟ್ಟಿ ಮ್ಯಾಲ ಇರ್ತೀನಿ." ಅವನು ಹೋಗುವಾಗ ವಸ್ತ್ರವಿಲ್ಲದ ಹೆಗಲನ್ನು ಎರಡು ಸಲ ಮುಟ್ಟಿ ನೋಡಿಕೊಂಡ.

ಮರುದಿನ ಕಾಶಿಬಾಯಿ ತಾನೇ ಬಂದಳು. ಕೌದಿಯನ್ನು ಪೇಪರಿನಲ್ಲಿ ಸುತ್ತಿ, ಅದರ ಮೇಲೊಂದು ಚೀಲ ಹಾಕಿ, ಬಸ್ಸಿನಲ್ಲಿ ಯಾರೂ ನೋಡದಂತೆ ಕಂಕುಳಲ್ಲಿ ಒತ್ತಿ ಹಿಡಿದು ತಂದಿದ್ದಳು. ಗಾಜಿನೆದುರು ಬಿಚ್ಚಿದಳು. ಹಳೆಯ ಸೀರೆಗಳ ತುಂಡು ಕೂಡಿಸಿ ಹೊಲಿದ ಕೌದಿ. ಅತ್ತೆಯ ಅತ್ತೆಯ ಇಳಕಲ್ ಸೆರಗೂ ಅದರಲ್ಲಿತ್ತು. ನಡುವೆ ಬಣ್ಣವೆಲ್ಲ ಒಂದಾಗಿ ಮಾಸಿತ್ತು.

"ನೋಡವ್ವಾ, ಮುಚ್ಚಿಡಾಕ ಏನೈತಿ ಇನ್ನ," ಎಂದಳು ಸೊಸೆಗೆ, ಡಾಕ್ಟರರ ಮುಖ ನೋಡದೆ. "ಇದರಾಗ ನಾ ಕದ್ದು ಹಲ್ಲಿಗೆ ತಿಕ್ಕೂ ತಂಬಾಕದ ಮಿಸ್ರಿ ಪುಡಿ ಅದ. ಮೊಣಕಾಲಿಗೆ ಹಚ್ಚೂ ಎಣ್ಣಿ ಅದ. ಹ್ವಾದ ಸಲ ಬೆಕ್ಕ ಇದರ ಮ್ಯಾಲ ಮರಿ ಹಾಕಿತ್ತು. ನಿಮ್ಮ ಮಾವ ಸತ್ತ ಮ್ಯಾಲ ಇದನ್ನ ನಾ ಒಗದ ಇಲ್ಲ. ಊರಾಗ ಯಾರಿಗೂ ಹೇಳಬ್ಯಾಡ್ರಿ."

ಧೂಳು ತೆಗೆದು, ಜೀವ ಕೊಂದ ಮೇಲೆ ಕೌದಿ ಕಿಂಡಿಯಿಂದ ಒಳಗೆ ಬಂತು. ಜೀವ ಹೋಗಿತ್ತು, ವಾಸನೆ ಹೋಗಿರಲಿಲ್ಲ. ಮಹಾನಂದಾ ಮುಖವನ್ನು ಅದರೊಳಗೆ ಹುದುಗಿಸಿದಳು. ಹೊಗೆ ಬಂತು. ತಂಬಾಕು ಬಂತು. ಎಳ್ಳೆಣ್ಣೆ, ಬೆಕ್ಕು, ಜೋಳದ ಚೀಲ, ಹೆಸರಿಲ್ಲದ ಎಷ್ಟೋ ಬಂದವು. ಎರಡನೆಯ ಬಸುರು ಹೋದ ದಿನ ಇದೇ ಕೌದಿಯ ಮೇಲೆ ಅತ್ತೆ ಅವಳ ಬೆನ್ನಿಗೆ ತನ್ನ ಬೆನ್ನು ಹಚ್ಚಿ ಮಲಗಿದ್ದಳು. ಅದೂ ಬಂತು. ಆ ಕೋಣೆಗೆ ಬಂದ ಮೇಲೆ ಅವಳು ದನಿ ತೆಗೆದು ಅತ್ತದ್ದು ಅದೇ ಮೊದಲು. ಗಾಜಿನಾಚೆ ಮುದುಕಿ, ವಾಸನೆ ತಾಳದೆ ಅಳುತ್ತಿದ್ದಾಳೆಂದು ತಿಳಿದು, ನಾಚಿಕೆಯಿಂದ ಮುಖ ತಿರುಗಿಸಿಕೊಂಡಳು.

ದೊಡ್ಡ ಪ್ರಮಾಣದ ಮಂಜು ಕೊಟ್ಟ ದಿನದಿಂದಲೇ ಜ್ವರ ಹತ್ತಿತು. ಕೀಲುಗಳಿಗೆ ಹಳೆಯ ನೋವು ಮರಳಿತು, ಕೆನ್ನೆ ಕೆಂಪಾಯಿತು. ಕೂಸಿನ ಎದೆಬಡಿತವನ್ನು ಸ್ಪೀಕರಿಗೆ ಹಚ್ಚಿದ್ದರು. ಓಡುವ ಕುದುರೆಯಂಥ ಆ ಸದ್ದು ಒಮ್ಮೊಮ್ಮೆ ನಿಧಾನವಾದಾಗ ಪ್ರಯೋಗಶಾಲೆಯಲ್ಲಿ ಎಲ್ಲರೂ ಕೂತಲ್ಲಿಂದ ಏಳುತ್ತಿದ್ದರು. ಡಾಕ್ಟರು ಕೇಳಿದರು: "ನಿಲ್ಲಿಸ್ಲೇನು?"

ಮಹಾನಂದಾ ಬೇಡವೆಂದು ತಲೆ ಅಲ್ಲಾಡಿಸಿದಳು. ಕೌದಿಯ ಒಂದು ಮೂಲೆಯನ್ನು ಹೊಟ್ಟೆಯ ಮೇಲೆಳೆದುಕೊಂಡು ಕೂಸಿಗೆ ಹೇಳುತ್ತಿದ್ದಳು: "ಇವ್ರು ಅಜ್ಜಿ. ಅಂಜಬ್ಯಾಡ. ಇವ್ರು ನಮ್ಮವ್ರು." ಮೈಯೊಳಗಿನ ಕಾವಲುಗಾರರಿಗೂ ಅದೇ ಮಾತು. ಕೇಳಲು ಬೇರೆ ಯಾರೂ ಇರಲಿಲ್ಲ.

ಕುದುರೆ ಓಡುತ್ತಲೇ ಇತ್ತು. ವಾರ ಕಳೆಯುವಷ್ಟರಲ್ಲಿ ಜ್ವರ ಇಳಿಯಿತು. ಎದುರಿನ ಪರದೆ ಅಂಚಿನಿಂದ ನೀಲಿಯಾಗುತ್ತ ಬಂದು, ಕೊನೆಗೆ ಪೂರ್ತಿ ತಣ್ಣಗಾಯಿತು.

ಹುಟ್ಟಿದ್ದು ಹೆಣ್ಣು ಕೂಸು. ಎದೆಬಡಿತ ಗಟ್ಟಿಯಾಗಿತ್ತು. ತಾಯಿ ಮಗಳಿಬ್ಬರೂ ಮುಚ್ಚಿದ ಗಾಡಿಯಲ್ಲಿ ತೆಗ್ಗಿನಾಳಕ್ಕೆ ಬಂದು ಕಾಶಿಬಾಯಿಯ ನಡುಮನೆ ಸೇರಿದರು. ಕಿಟಕಿಗೆ ಗಾಳಿ ಸೋಸುವ ಬಟ್ಟೆ, ಬಾಗಿಲಿಗೆ ಎರಡು ಪರದೆ. ಮಹಾನಂದಾಳ ಮುಂಗೈಗೊಂದು ಪಟ್ಟಿ ಕಟ್ಟಿದ್ದರು. ಅದರ ಹಸಿರು ಚುಕ್ಕಿ ಕೆಂಪಾದರೆ ಕೇಂದ್ರದಲ್ಲಿ ಗಂಟೆ ಬಾರಿಸುತ್ತದೆ, ಗಾಡಿ ಹೊರಡುತ್ತದೆ.

ಊರು ಕೆಲವು ದಿನ ಬಾಗಿಲವರೆಗೆ ಬಂತು. ಬಾಣಂತಿಗೆ ಕೊಬ್ಬರಿ, ಬೆಲ್ಲ, ಕುಬುಸದ ಬಟ್ಟೆ ತಂದು ಕಟ್ಟೆಯ ಮೇಲಿಟ್ಟು, ಪರದೆಯ ಕಡೆಗೆ ಕೂಗಿ ಮಾತಾಡಿಸಿ ಹೋದರು. ಬರಬರುತ್ತ ಕೂಗುವುದೂ ಕಡಿಮೆಯಾಯಿತು. ಕಾಶಿಬಾಯಿ ಮಾತ್ರ ಹೊರಗಿನದೆಲ್ಲ ಬಿಟ್ಟುಬಿಟ್ಟಳು. ಸಂತೆಗೆ ಹೋಗಲಿಲ್ಲ, ಯಾರ ಮನೆಯ ಮದುವೆಗೂ ಹೋಗಲಿಲ್ಲ. ಹೋಗಿ ಬಂದರೆ ಸೊಸೆಯ ಮೈಗೆ ತನ್ನ ಗುರುತು ಕೆಟ್ಟೀತೆಂಬ ಭಯ. ಸೋಪು ಬದಲಿಸಲಿಲ್ಲ, ಮಿಸ್ರಿ ಬಿಡಲಿಲ್ಲ. "ಡಾಕ್ಟರ್ ಬಾಯಾರ ಅಪ್ಪಣಿ ಆಗೇದ, ತಿಕ್ಕಲೇಬೇಕು" ಎಂದು ಈಗ ಎದುರಿಗೇ ತಿಕ್ಕುತ್ತಿದ್ದಳು. ಸಿದ್ರಾಮ ಕಟ್ಟೆಯ ಮೇಲೆ ಮಲಗುತ್ತಿದ್ದ. ಗಂಡಹೆಂಡಿರ ನಡುವೆ ಪರದೆಯಷ್ಟೇ ಅಡ್ಡವಿತ್ತು, ಕೆಮ್ಮಿದರೆ ಕೇಳುತ್ತಿತ್ತು. ಅಷ್ಟು ಹತ್ತಿರವಿದ್ದು ಮುಟ್ಟಲಾರದ್ದಕ್ಕಿಂತ ದಿಬ್ಬದ ಮೇಲಿನ ಗಾಜಿನ ಕೋಣೆಯೇ ವಾಸಿಯಿತ್ತೇನೋ ಎಂದು ಮಹಾನಂದಾಳಿಗೆ ಎಷ್ಟೋ ಸಂಜೆ ಅನ್ನಿಸಿತು.

ಕೂಸಿಗೆ ಮಾತ್ರ ಯಾವ ಪರದೆಯೂ ಇರಲಿಲ್ಲ. ಅಪ್ಪನ ತೊಡೆಗೆ, ಕೊಟ್ಟಿಗೆಗೆ, ತೋಟಕ್ಕೆ ಹೋಗಿ ಬರುತ್ತಿತ್ತು. ಪ್ರತಿ ಸಲ ಒಳಗೆ ಬರುವ ಮುಂಚೆ ಕಾಶಿಬಾಯಿ ಅದಕ್ಕೆ ಬಿಸಿನೀರು ಎರೆದು, ಅಂಗಿ ಬದಲಿಸಿ, ಬಾಯಿ ಒರೆಸಿ ತಾಯಿಗೆ ಕೊಡುವಳು. ಈ ತೊಳೆಯುವಿಕೆಯನ್ನು ಕೇಂದ್ರವೇ ಹೇಳಿಕೊಟ್ಟಿತ್ತು. ಮುದುಕಿ ಅದನ್ನು ಎಷ್ಟು ಮನಸ್ಸಿಟ್ಟು ಮಾಡುತ್ತಿದ್ದಳೆಂದರೆ ಕೂಸಿನ ಮೈ ಸದಾ ಕೆಂಪಗಿರುತ್ತಿತ್ತು.

ಒಂದು ದಿನ ಫೋನಿನಲ್ಲಿ ಡಾಕ್ಟರು ಮಾತಿಗೆ ಮಾತು ಬಂದು ಹೇಳಿದ್ದರು: "ಮೊಲಿ ಕುಡಿಯೂ ಕೂಸಿನ ಬಾಯಿಂದ ತಾಯಿ ಮೈ ಏನೇನೋ ಕಲೀತದಂತ. ಆ ಒಂದು ಕಿಂಡಿ ಇನ್ನೂ ತೆರದಿದ್ದರೂ ಇರಬಹುದು. ನೋಡಿದವರಿಲ್ಲ. ನೋಡೂ ಮನಸಾದ್ರ ನನಗ ಹೇಳಿ ಮಾಡು. ಪಟ್ಟಿ ಬಿಚ್ಚಬ್ಯಾಡ." ಮಹಾನಂದಾ ಆ ಮಾತನ್ನು ಯಾರಿಗೂ ಹೇಳದೆ ಬಹಳ ದಿನ ಇಟ್ಟುಕೊಂಡಿದ್ದಳು. ಕೊನೆಗೊಂದು ದಿನ ಬೆಳಗ್ಗೆ ಕೇಂದ್ರಕ್ಕೆ ಫೋನು ಮಾಡಿ, "ಇವತ್ತ" ಎಂದಷ್ಟೇ ಅಂದಳು.

ಕೂಸು ಅಂಬೆಗಾಲಿಡುತ್ತ ಹೊಸ್ತಿಲು ದಾಟಿತು. ಸ್ವಲ್ಪ ಹೊತ್ತಿಗೆ ಅಂಗಳದಿಂದ ಸಿದ್ರಾಮನ ಕೂಗು: "ಯವ್ವಾ, ಬಾ ಇಲ್ಲೆ! ಮಣ್ಣ ತಿನಾಕತ್ತಾಳ ನೋಡು ನಿನ್ನ ಮಮ್ಮಗಳು!"

ಕಾಶಿಬಾಯಿ ಬೈಯುತ್ತ ಹೋಗಿ ಕೂಸನ್ನೆತ್ತಿಕೊಂಡು ಬಂದಳು. ತುಟಿಯ ಸುತ್ತ ಕರಿಮಣ್ಣು, ಮುಷ್ಟಿಯಲ್ಲಿ ಕರಿಮಣ್ಣು. ತಾಯಿಯನ್ನು ಪರದೆಯ ಸಂದಿಯಿಂದ ಕಂಡದ್ದೇ ಹಸಿವಿನಿಂದ ಚೀರಿತು. ಮುದುಕಿ ಒಂದು ಕೈಯಲ್ಲಿ ಕೂಸನ್ನು ಅವುಚಿಕೊಂಡು ಇನ್ನೊಂದು ಕೈಯಲ್ಲಿ ಬಟ್ಟೆಯನ್ನು ಬಿಸಿನೀರಿಗೆ ಅದ್ದಿದಳು.

"ಅತ್ತಿ, ಒರಸಬ್ಯಾಡ್ರಿ."

"ಆಂ?"

"ಹಂಗ ಕೊಡ್ರಿ. ಇದ್ದದ್ದು ಇದ್ದಂಗ."

ಕಾಶಿಬಾಯಿ ಸೊಸೆಯನ್ನು ನೋಡಿದಳು. ಅವಳ ಮುಂಗೈಯ ಪಟ್ಟಿ ನೋಡಿದಳು. ಕೂಸನ್ನು ಚಾಚಿದಳು.

ಮಣ್ಣಿನ ಬಾಯಿ ಮೊಲೆಗೆ ಬಿತ್ತು. ಮಣ್ಣಿನ ಮುಷ್ಟಿ ಎದೆಯ ಮೇಲೆ ಬಿಚ್ಚಿಕೊಂಡಿತು. ಹುರಿಯದ, ಸಾಣಿಸದ ಅಂಗಳದ ಮಣ್ಣು. ಅದರಲ್ಲಿ ಆಕಳಿತ್ತು, ಲಿಂಬೆಯಿತ್ತು, ಅಂಗಳದಲ್ಲಿ ಮಗಳನ್ನು ಎತ್ತಿ ಆಡಿಸಿದ ಕೈಯ ಬೆವರಿತ್ತು. ಮಹಾನಂದಾ ತಲೆ ಬಗ್ಗಿಸಿ ಒಂದು ಸಲ ದೀರ್ಘವಾಗಿ ಉಸಿರೆಳೆದುಕೊಂಡಳು. ಪರದೆಯ ಆಚೆ ಸಿದ್ರಾಮನ ಪಾದಗಳು ಬಂದು ನಿಂತವು.

ಜ್ವರ ಬರುವುದಿದ್ದರೆ ಸಂಜೆಯೊಳಗೆ ಬರಬೇಕು. ಪಟ್ಟಿಯ ಚುಕ್ಕಿ ಇನ್ನೂ ಹಸಿರಾಗಿತ್ತು. ಕಾಶಿಬಾಯಿ ಒದ್ದೆ ಬಟ್ಟೆಯನ್ನು ಹಿಂಡಲಿಲ್ಲ, ಹರವಲೂ ಇಲ್ಲ. ಎಡಗೈಯಲ್ಲಿ ಅದನ್ನು ಹಾಗೇ ಹಿಡಿದುಕೊಂಡು, ಬಲಗೈಯನ್ನು ಸೊಸೆಯ ಹಣೆಯ ಮೇಲಿಟ್ಟು, ಕೌದಿಯ ಅಂಚಿಗೆ ಕೂತಳು.